ಕೈಯಂತ್ರಕ್ಕೆ ಬೀಗ ಬೇಕು. ಬೀಗದ ಕೈ ಯಾರ ಹತ್ತಿರ?

ಎರಡು ಮುಂಗಾರಿನ ಹಿಂದಿನ ಮಾತು. ನನ್ನ ಮೂರೂವರೆ ಎಕರೆ ಕೆಂಪು ಮಣ್ಣಿನ ಹೊಲದಲ್ಲಿ ಶೇಂಗಾ ಹಾಕಿ, ನಡುನಡುವೆ ತೊಗರಿ ಅಕ್ಕಡಿ ಸಾಲು ಬಿಟ್ಟಿದ್ದೆ. ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತು. ಮಳೆ ನಂಬಿ ಬದುಕೋರಿಗೆ ಇದು ಹೊಸದಲ್ಲ. ವಿಮೆ ಕಂತು ಕಟ್ಟಿದ್ದೀನಿ, ಬೀಜದ ದುಡ್ಡಾದರೂ ಬಂದೀತು ಅಂತ ಸಮಾಧಾನ ಮಾಡಿಕೊಂಡಿದ್ದೆ. ಊರಲ್ಲಿ ಹಲವರಿಗೆ ಹಣ ಬಂತು, ನನಗೆ ಬರಲಿಲ್ಲ. ಹೋಗಿ ವಿಚಾರಿಸಿದರೆ ನನ್ನ ಸರ್ವೆ ನಂಬರಿನ ಮುಂದೆ ಶೇಂಗಾವೂ ಇಲ್ಲ, ತೊಗರಿಯೂ ಇಲ್ಲ. 'ಬೀಳು' ಅಂತ ದಾಖಲಾಗಿದೆ!

ಬೆಳೆ ಬರೆದುಕೊಂಡು ಹೋಗಲು ಬಂದಿದ್ದವನು ಪಕ್ಕದೂರಿನ ಹುಡುಗ. ಒಂದು ತಾಕಿಗೆ ಇಷ್ಟು ಅಂತ ಅವನಿಗೆ ಕೂಲಿ. ಕೇಳಿದ್ದಕ್ಕೆ ತಲೆ ತಗ್ಗಿಸಿ ಒಪ್ಪಿಕೊಂಡ. ಹೊಲದ ಕಡೆ ಬಂದೇ ಇರಲಿಲ್ಲವಂತೆ. ತನ್ನ ಫೋನಿಗೆ ಸುಳ್ಳು ಜಾಗ ತೋರಿಸೋ ಒಂದು ಆಪ್ ಹಾಕಿಕೊಂಡು, ಅರಳಿಕಟ್ಟೆ ಮೇಲೆ ಕೂತು, ಎದುರಿಗಿದ್ದ ಪಾಳು ಜಮೀನಿನ ಫೋಟೊವನ್ನೇ ಹತ್ತಾರು ಹೊಲಗಳಿಗೆ ಹಚ್ಚಿದ್ದ. ಯಂತ್ರ ಅವನು ನನ್ನ ಹೊಲದಲ್ಲೇ ನಿಂತಿದ್ದಾನೆ ಅಂತ ನಂಬಿತ್ತು.

ಮರುವರ್ಷ ಬೇರೆ ಹುಡುಗ ಬಂದ. ಈ ಸಲ ಕೈಯಲ್ಲಿ ಕಚೇರಿಯವರೇ ಕೊಟ್ಟ ಯಂತ್ರ. ಅದರಲ್ಲಿ ಅವನು ಏನನ್ನೂ ಬದಲಿಸುವ ಹಾಗಿಲ್ಲ. ನಾನು ಬಿಡಲಿಲ್ಲ, ಕೈ ಹಿಡಿದು ಹೊಲದ ನಡುಮಧ್ಯ ನಿಲ್ಲಿಸಿದೆ. ಯಂತ್ರ ಏನು ಹೇಳಬೇಕು? 'ನೀವು ಈ ಸರ್ವೆ ನಂಬರಿನಲ್ಲಿ ಇಲ್ಲ!' ಅದರೊಳಗಿನ ನಕ್ಷೆಯಲ್ಲಿ ನನ್ನ ಬದು ಪಕ್ಕದವರ ಹೊಲಕ್ಕೆ ಸರಿದುಬಿಟ್ಟಿದೆ. ನಮ್ಮಪ್ಪ ನೆಟ್ಟ ಬೇವಿನ ಮರ ಬದುವಿನಲ್ಲೇ ನಿಂತಿದೆ, ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. 'ಅಣ್ಣಾ, ನನಗೆ ಕಣ್ಣಿಗೆ ಕಾಣ್ತಾ ಇದೆ. ಆದರೆ ಇದರಲ್ಲಿ ಒಂದಕ್ಷರ ತಿದ್ದೋಕೆ ನನಗೆ ಬರಲ್ಲ' ಅಂದ. ಕಚೇರಿಗೆ ಮೂರು ಸಲ ಹೋದೆ. 'ಮೇಲಿಂದ ಸರಿಯಾಗಬೇಕು' ಅಂದರು. ಮೇಲೆ ಅಂದರೆ ಎಲ್ಲಿ, ಯಾರು, ಅದನ್ನ ಯಾರೂ ಹೇಳಲಿಲ್ಲ. ತಿದ್ದುಪಡಿ ಆಗೋ ಹೊತ್ತಿಗೆ ಶೇಂಗಾ ಕಿತ್ತು, ಕಾಯಿ ಬಿಡಿಸಿ, ಮಾರಿಯೂ ಆಗಿತ್ತು.

ಒಂದು ವರ್ಷ ಯಂತ್ರಕ್ಕೆ ಬೀಗ ಇಲ್ಲದ್ದಕ್ಕೆ ಕೆಟ್ಟೆ. ಇನ್ನೊಂದು ವರ್ಷ ಬೀಗ ಬಿಗಿಯಾದದ್ದಕ್ಕೆ ಕೆಟ್ಟೆ. ಎರಡೂ ಅನುಭವಿಸಿದ ಮೇಲೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ನಾನು ಏಳನೇ ತರಗತಿ ಓದಿದವನು, ಯಂತ್ರದ ಪಂಡಿತ ಅಲ್ಲ. ತಪ್ಪಿದ್ದರೆ ತಿಳಿದವರು ತಿದ್ದಲಿ.

ನಮ್ಮ ಬದುಕು ಬರೆಯೋ ಯಂತ್ರಗಳು

ಒಂದು ಸಲ ಲೆಕ್ಕ ಹಾಕಿ ನೋಡಿ, ವರ್ಷದಲ್ಲಿ ಎಷ್ಟು ಕೈಯಂತ್ರಗಳ ಮುಂದೆ ನಾವು ನಿಲ್ಲುತ್ತೇವೆ. ಗೊಬ್ಬರದಂಗಡಿಯಲ್ಲಿ ಬೆರಳು ಒತ್ತಬೇಕು. 2018ರ ಮಾರ್ಚ್ ಹೊತ್ತಿಗೆ ದೇಶದ ಎಲ್ಲ ಕಡೆ ಈ ಪದ್ಧತಿ ಬಂತು. ಚೀಲ ಯಂತ್ರದ ಮೂಲಕ ಮಾರಾಟ ಆದ ಲೆಕ್ಕದ ಮೇಲೆ ಕಂಪನಿಗೆ ಸಬ್ಸಿಡಿ ಹೋಗುತ್ತೆ. ನ್ಯಾಯಬೆಲೆ ಅಂಗಡಿಯಲ್ಲಿ ಇನ್ನೊಂದು ಯಂತ್ರ. ಬಸ್ಸಿನಲ್ಲಿ ಕಂಡಕ್ಟರ ಕೈಯಲ್ಲಿ ಒಂದು. ಕರೆಂಟಿನ ಮೀಟರ್ ನೋಡಲು ಬರೋನ ಸೊಂಟದಲ್ಲಿ ಒಂದು. ಹಳ್ಳಿಯ ಅಂಚೆಯಣ್ಣನಿಗೂ ಕೊಟ್ಟಿದ್ದಾರೆ. ದೇಶದ ಸುಮಾರು 1.29 ಲಕ್ಷ ಗ್ರಾಮೀಣ ಅಂಚೆ ಕಚೇರಿಗಳಿಗೆ ಕೈಯಂತ್ರ ಕೊಡುವ ಯೋಜನೆ 2017ರ ಡಿಸೆಂಬರಿನಲ್ಲಿ ಶುರುವಾಯಿತು.

ಹಿಂದೆ ಶಾನುಭೋಗರ ಖಿರ್ದಿಯಲ್ಲಿ ಇರುತ್ತಿದ್ದ ನಮ್ಮ ಬದುಕು ಈಗ ಈ ಅಂಗೈ ಅಗಲದ ಡಬ್ಬಿಗಳಲ್ಲಿದೆ. ಹಾಗಾಗಿ ಅದಕ್ಕೆ ಬೀಗ ಹಾಕೋದು ಕಂಪ್ಯೂಟರಿನವರ ಮಾತು, ನಮಗ್ಯಾಕೆ ಅಂತ ಸುಮ್ಮನಿರಲು ಆಗೋದಿಲ್ಲ.

ಬೀಗ ಅಂದರೆ ಏನು?

ನನ್ನ ತಮ್ಮನ ಮಗ ಬೆಂಗಳೂರಿನ ಒಂದು ಗೋದಾಮಿನಲ್ಲಿ ಇಂಥ ಯಂತ್ರಗಳನ್ನು ಸಜ್ಜು ಮಾಡುವ ಕೆಲಸದಲ್ಲಿದ್ದಾನೆ. ಯುಗಾದಿಗೆ ಬಂದಾಗ ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದನ್ನ ನನಗೆ ತಿಳಿದಂತೆ ಬರೆಯುತ್ತೇನೆ.

ಈಗಿನ ಬಹಳಷ್ಟು ಕೈಯಂತ್ರಗಳ ಒಳಗೆ ಇರೋದು ಫೋನಿನಲ್ಲಿರೋ ಆಂಡ್ರಾಯ್ಡೇ. ಹೊಸ ಯಂತ್ರವನ್ನ ಡಬ್ಬದಿಂದ ತೆಗೆದು ಮೊದಲ ಸಲ ಚಾಲೂ ಮಾಡುವಾಗಲೇ, ಬೇರೆ ಏನೂ ಹಾಕುವ ಮುಂಚೆ, 'ಈ ಯಂತ್ರದ ಒಡೆಯ ಇವನು' ಅಂತ ಒಂದು ಆಪನ್ನ ಕೂರಿಸುತ್ತಾರೆ. ಬಳಸಿ ಹಳೆಯದಾದ ಮೇಲೆ ಅದನ್ನ ಕೂರಿಸಬೇಕಾದರೆ, ಎಲ್ಲ ಅಳಿಸಿ ಹೊಸದರಂತೆ ಮಾಡಬೇಕು. ಈ ಏರ್ಪಾಡು ಆಂಡ್ರಾಯ್ಡಿನಲ್ಲಿ 2014ರಲ್ಲಿ ಬಂದ ಐದನೇ ಆವೃತ್ತಿಯಿಂದ ಇದೆ.

ಒಡೆಯ ಕೂತ ಮೇಲೆ, ಅವನು ಒಪ್ಪಿದ ಆಪ್ ಮಾತ್ರ ಪರದೆ ಮೇಲೆ ಕಾಣುತ್ತೆ. ಸೆಟ್ಟಿಂಗ್ಸ್ ಅನ್ನೋ ಹಲ್ಲುಚಕ್ರದ ಗುರುತೇ ಮಾಯ. ತಾರೀಖು, ಗಡಿಯಾರ ಕೈಯಿಂದ ತಿರುಗಿಸಲು ಬರೋದಿಲ್ಲ. ಸುಳ್ಳು ಜಾಗ ತೋರಿಸೋ ದಾರಿ ಮುಚ್ಚಿರುತ್ತೆ. ಹೊರಗಿನ ಆಪ್ ಹಾಕಲು ಬರೋದಿಲ್ಲ. ಎಲ್ಲ ಅಳಿಸಿ ಹೊಸದು ಮಾಡೋಣ ಅಂದರೆ ಅದಕ್ಕೂ ತಡೆ. ವಯರು ಚುಚ್ಚಿದರೆ ಚಾರ್ಜು ಮಾತ್ರ ಆಗುತ್ತೆ, ಒಳಗಿನದು ಹೊರಗೆ ಬರೋದಿಲ್ಲ.

ಇದಕ್ಕೂ ಹಿಂದೆ ವಿಂಡೋಸ್ ಸಿ.ಇ. ಅನ್ನೋ ಯಂತ್ರಗಳಿದ್ದ ಕಾಲದಲ್ಲಿ, ಮೇಲೊಂದು ಮುಸುಕಿನಂಥ ಪರದೆ ಹಾಕಿ ಅದಕ್ಕೊಂದು ಗುಟ್ಟಿನ ಸಂಖ್ಯೆ ಇಡುತ್ತಿದ್ದರಂತೆ. ಎಲ್ಲ ಯಂತ್ರಕ್ಕೂ ಒಂದೇ ಸಂಖ್ಯೆ ಇಟ್ಟರೆ ಒಬ್ಬನಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗುತ್ತೆ. ಆಮೇಲೆ ಅದು ಬೀಗವಲ್ಲ, ಬರೀ ಚಿಲಕ.

ಅವನು ಹೇಳಿದ ಇನ್ನೊಂದು ಮಾತು ಮುಖ್ಯ. ಕೆಲಸಗಾರನ ಸ್ವಂತ ಫೋನಿನಲ್ಲಿ ಕೆಲಸ ಮಾಡಿಸಿದರೆ ಈ ಪೂರಾ ಬೀಗ ಹಾಕಲು ಬರೋದಿಲ್ಲ. ಅದು ಅವನ ಫೋನು, ಅವನ ಹೆಂಡತಿ ಮಕ್ಕಳ ಫೋಟೊ ಅದರಲ್ಲಿದೆ. ಜಾಗ ಸುಳ್ಳೋ ನಿಜವೋ ಅಂತ ಕೆಲಸದ ಆಪ್ ಪರೀಕ್ಷೆ ಮಾಡಬಹುದು, ಅಷ್ಟೆ. ಅದನ್ನೂ ತಪ್ಪಿಸೋ ಚಾಲಾಕಿಗಳು ಇದ್ದೇ ಇದ್ದಾರೆ. ಅಂದಮೇಲೆ ನನ್ನ ಹೊಲ ಬೀಳಾದದ್ದಕ್ಕೆ ಆ ಹುಡುಗನೊಬ್ಬನೇ ಕಾರಣ ಅಲ್ಲ. ಯಂತ್ರ ಕೊಡದೆ, ತಾಕಿನ ಲೆಕ್ಕದಲ್ಲಿ ಕೂಲಿ ಕೊಟ್ಟು, ಅವನ ಸ್ವಂತ ಫೋನಿನಲ್ಲೇ ಕೆಲಸ ಮುಗಿಸಿಕೊಂಡವರದೂ ಪಾಲಿದೆ.

ಬೀಗ ಬೇಕೇ ಬೇಕು

ಕೆಲವರು ಹೇಳ್ತಾರೆ, ಬೀಗ ಹಾಕೋದು ಕೆಲಸಗಾರನ್ನ ಕಳ್ಳ ಅಂದ ಹಾಗೆ ಅಂತ. ನನಗೆ ಹಾಗನ್ನಿಸೋದಿಲ್ಲ. ಬೀಗ ಬಡ ಕೆಲಸಗಾರನಿಗೂ ಆಸರೆ. ಊರಿನ ದೊಡ್ಡವರು ಒಬ್ಬರು ಹೆಗಲ ಮೇಲೆ ಕೈ ಹಾಕಿ, 'ಅಲ್ಲಿ ಶೇಂಗಾ ಅಂತ ಬರಿಯೋ ತಮ್ಮಾ, ನಾನಿದ್ದೀನಿ' ಅಂದರೆ ಹತ್ತೊಂಬತ್ತು ವರ್ಷದ ಹುಡುಗ ಏನು ಮಾಡಬೇಕು? ಆ ಹೊಲಕ್ಕೆ ಹೋಗದೆ ಯಂತ್ರ ಬರೆಸಿಕೊಳ್ಳೋದೇ ಇಲ್ಲ ಅಂದರೆ, 'ನನ್ನ ಕೈಲಿಲ್ಲ ಗೌಡ್ರೇ' ಅಂತ ಧೈರ್ಯವಾಗಿ ಹೇಳಬಹುದು.

ಗಡಿಯಾರದ ವಿಚಾರವೂ ಹಾಗೇ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥದ್ದು ಬಿದ್ದು ಹೊಲ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಯಂತ್ರದ ತಾರೀಖನ್ನ ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು ಅಂದರೆ ಆ 72 ಗಂಟೆಗೆ ಅರ್ಥವೇ ಇಲ್ಲ. ಬೆಳೆ ಕಟಾವು ಪ್ರಯೋಗದಲ್ಲೂ ಯಾವ ಹೊಲ, ಯಾವ ದಿನ, ಎಷ್ಟು ತೂಕ ಅನ್ನೋದರ ಮೇಲೆ ಇಡೀ ಪಂಚಾಯ್ತಿಯ ರೈತರ ಪರಿಹಾರ ನಿಂತಿರುತ್ತೆ. ಅಂಥ ಕಡೆ ಬೀಗ ಸಡಿಲ ಇರಬಾರದು.

ಬೀಗಕ್ಕೆ ಕಾಣದ್ದೂ ಇದೆ

ಹಾಗಂತ ಬೀಗ ಹಾಕಿದ ಕೂಡಲೇ ಸತ್ಯ ಬಂದುಬಿಡುತ್ತೆ ಅನ್ನೋದೂ ಸುಳ್ಳು. ಉದ್ಯೋಗ ಖಾತ್ರಿಯಲ್ಲಿ ಹಾಜರಾತಿಗೆ ಫೋನಿನ ಆಪ್ 2021ರಲ್ಲಿ ಬಂತು. 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಸಲ ಫೋಟೊ ಹಿಡಿಯಬೇಕಿತ್ತು. ಆದರೆ 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲವು ಕಡೆ ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಏರಿಸುತ್ತಿದ್ದಾರೆ ಅಂತ ಹೇಳಬೇಕಾಯಿತು. ಸೆಟ್ಟಿಂಗ್ಸ್ ಮುಟ್ಟದೇನೇ ಮೋಸ ಮಾಡಬಹುದು ಅಂತ ಇದರಿಂದ ತಿಳೀತು. ಯಂತ್ರದ ಕಣ್ಣ ಮುಂದೆ ಏನು ಹಿಡಿದರೂ ಅದಕ್ಕೆ ಸತ್ಯವೇ.

ಇನ್ನೊಂದು ಮಗ್ಗುಲು ನೋಡಿ. ಕಳೆ ತೆಗೆದು, ಕಲ್ಲು ಆಯ್ದು, ಕುಂಟೆ ಹಿಡಿದು ನಮ್ಮ ಬೆರಳ ಗೆರೆ ಸವೆದು ಹೋಗಿರುತ್ತೆ. ಬೇಸಿಗೆಯಲ್ಲಿ ಚರ್ಮ ಬಿರಿದಿರುತ್ತೆ. ರೇಷನ್ ಅಂಗಡಿಯ ಯಂತ್ರ ನಮ್ಮವ್ವನ ಬೆರಳು ಹಿಡಿಯೋದಿಲ್ಲ. ಅಂಗಡಿಯವನಿಗೆ ನಮ್ಮವ್ವ ನಲವತ್ತು ವರ್ಷದಿಂದ ಗೊತ್ತು. ಆದರೂ ಅವನು ಯಂತ್ರ ಮೀರುವಂತಿಲ್ಲ. ಬೆರಳು ಹಿಡಿಯದ ಕಾರಣಕ್ಕೆ ಯಾರಿಗೂ ಧಾನ್ಯ ನಿಲ್ಲಿಸಬಾರದು, ಅಂಥವರದು ಬೇರೆ ದಾಖಲೆ ಇಟ್ಟು ಕೊಡಬೇಕು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಆ ಸೂಚನೆ ಕಾಗದದಲ್ಲಿದೆ, ಬೀಗ ಯಂತ್ರದಲ್ಲಿದೆ. ಅಂಗಡಿಯವನ ಮುಂದೆ ಇರೋದು ಯಂತ್ರ.

ಕಣದ ಮುದ್ರೆ

ನಮ್ಮಜ್ಜ ಕೋರಿಗೆ ಹೊಲ ಮಾಡುತ್ತಿದ್ದ. ಕಣದಲ್ಲಿ ರಾಗಿ ತೂರಿ ರಾಶಿ ಮಾಡಿದ ದಿನವೇ ಅಳತೆ ಆಗದಿದ್ದರೆ, ರಾತ್ರಿ ರಾಶಿಯ ಸುತ್ತ ಮರದ ಅಚ್ಚಿನಿಂದ ಮುದ್ರೆ ಒತ್ತುತ್ತಿದ್ದರಂತೆ. ಒಂದು ಹಿಡಿ ಕಾಳು ಎಳೆದರೂ ಮುದ್ರೆ ಕೆಡುತ್ತಿತ್ತು. ಹೊಲದ ಒಡೆಯ ಮುಟ್ಟುವಂತಿಲ್ಲ, ಕೋರು ಮಾಡಿದವನೂ ಮುಟ್ಟುವಂತಿಲ್ಲ. ಬೆಳಿಗ್ಗೆ ಇಬ್ಬರೂ ಬಂದು, ಮುದ್ರೆ ನೆಟ್ಟಗಿದೆಯಾ ಅಂತ ನೋಡಿ, ಆಮೇಲೆ ಕೊಳಗ ಹಿಡಿಯೋದು. ಅಜ್ಜ ಹೇಳುತ್ತಿದ್ದ, 'ಮುದ್ರೆ ಒತ್ತುವಾಗ ಯಾರಿದ್ದರು ಅನ್ನೋದಕ್ಕಿಂತ ಒಡೆಯುವಾಗ ಯಾರಿದ್ದರು ಅನ್ನೋದು ದೊಡ್ಡದು' ಅಂತ.

ಅದೇ ನ್ಯಾಯ ಈಗಿನ ತಕ್ಕಡಿಗೂ ಇದೆ. 2009ರ ಕಾನೂನು ಮಾಪನ ಕಾಯ್ದೆಯಡಿ ವ್ಯಾಪಾರಿಯ ವಿದ್ಯುತ್ ತಕ್ಕಡಿಯನ್ನ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ತೂಕದ ಕಲ್ಲು, ತೊಲೆತಕ್ಕಡಿಗೆ ಎರಡು ವರ್ಷಕ್ಕೊಮ್ಮೆ. ಪರೀಕ್ಷೆಯಾದ ಪ್ರಮಾಣಪತ್ರವನ್ನ ಜನಕ್ಕೆ ಕಾಣುವಂತೆ ಇಡಬೇಕು. ಮುದ್ರೆ ಹಾಕೋನು ವ್ಯಾಪಾರಿ ಅಲ್ಲ, ಮೂರನೆಯವನು. ಹಾಗಾಗಿ ಶೇಂಗಾ ಚೀಲ ಹೊತ್ತು ಹೋದ ನಾನು ಮುದ್ರೆ ಕೇಳಬಹುದು, ತಾರೀಖು ನೋಡಬಹುದು.

ಕೈಯಂತ್ರದ ಬೀಗದಲ್ಲಿ ಇದು ಯಾವುದೂ ಇಲ್ಲ. ಯಾರು ಹಾಕಿದರು, ಯಾವಾಗ ತೆಗೆದರು, ತೆಗೆದು ಏನು ಬದಲಿಸಿದರು, ನಮಗೆ ಕಾಣೋದಿಲ್ಲ. ಕೆಳಗೆ ನಿಂತ ಹುಡುಗ ತಿದ್ದಬಾರದು ಅಂತ ಬೀಗ ಹಾಕಿದರು, ಸರಿ. ಮೇಲೆ ಕೂತವನು ತಿದ್ದಿದರೆ?

ಇದು ಹಳ್ಳಿಯವನ ಬರೀ ಅನುಮಾನ ಅಂತ ತಳ್ಳಿಹಾಕಬೇಡಿ. ಇಂಗ್ಲೆಂಡಿನ ಅಂಚೆ ಕಚೇರಿಗಳ ಕತೆ ಪತ್ರಿಕೆಯಲ್ಲಿ ಓದಿದೆ. ಅಲ್ಲಿನದು ಕೈಯಂತ್ರ ಅಲ್ಲ, ಮೇಜಿನ ಮೇಲಿನ ಕಂಪ್ಯೂಟರ್. ಆದರೆ ನ್ಯಾಯ ಒಂದೇ. 1999ರಿಂದ ಅಲ್ಲಿ 'ಹೊರೈಜನ್' ಅನ್ನೋ ಲೆಕ್ಕದ ವ್ಯವಸ್ಥೆ ತಂದರು. ಹಳ್ಳಿ ಪೇಟೆಗಳ ಉಪ ಅಂಚೆ ಮಾಸ್ತರರ ಲೆಕ್ಕದಲ್ಲಿ ಹಣ ಕಡಿಮೆ ತೋರಿಸತೊಡಗಿತು. 'ನಾವು ತೆಗೆದಿಲ್ಲ, ಯಂತ್ರದ್ದೇ ತಪ್ಪು' ಅಂತ ಅವರು ಅಂದರೂ ಕೇಳಲಿಲ್ಲ. ಒಳಗೆ ಏನಾಗಿದೆ ಅಂತ ನೋಡಲು ಅವರಿಗೆ ದಾರಿ ಇರಲಿಲ್ಲ. 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಅಪರಾಧಿಗಳು ಅಂತ ತೀರ್ಪಾಯಿತು, ಕೆಲವರು ಜೈಲಿಗೂ ಹೋದರು. ಕೊನೆಗೆ 2019ರಲ್ಲಿ ಅಲ್ಲಿನ ಹೈಕೋರ್ಟು, ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು, ದೂರದಿಂದಲೇ ಅವರ ಲೆಕ್ಕಕ್ಕೆ ಕೈ ಹಾಕಲು ಸಾಧ್ಯವಿತ್ತು ಅಂತ ಹೇಳಿತು. 2024ರಲ್ಲಿ ಕಾನೂನನ್ನೇ ಮಾಡಿ ಆ ಶಿಕ್ಷೆಗಳನ್ನ ರದ್ದು ಮಾಡಬೇಕಾಯಿತು. ಅಷ್ಟರಲ್ಲಿ ಎಷ್ಟೋ ಸಂಸಾರ ಮುರಿದಿತ್ತು. ಓದು ಬರಹ ಬಲ್ಲ ಅಂಚೆ ಮಾಸ್ತರರ ಗತಿಯೇ ಹೀಗಾದರೆ, ನಾವು ಯಾವ ಲೆಕ್ಕ?

ನಾವು ಕೇಳಬೇಕಾದ್ದು

ಯಂತ್ರ ಬೇಡ, ಹಳೇ ಪುಸ್ತಕವೇ ಸಾಕು ಅನ್ನೋನು ನಾನಲ್ಲ. ಹಳೇ ಪುಸ್ತಕದಲ್ಲಿ ನಮ್ಮಪ್ಪ ಪಟ್ಟ ಪಾಡು ನೋಡಿದ್ದೀನಿ. ಬೀಗವೂ ಇರಲಿ. ಅದರ ಜೊತೆಗೆ ಇಷ್ಟು ಕೇಳೋಣ.

ಕೆಲಸಕ್ಕೆ ಬೇಕಾದ ಯಂತ್ರವನ್ನ ಕೆಲಸ ಕೊಟ್ಟವರೇ ಕೊಡಲಿ, ಬೀಗ ಹಾಕಿ ಕೊಡಲಿ. ಹುಡುಗನ ಸ್ವಂತ ಫೋನಿನಲ್ಲಿ ನಮ್ಮ ಬದುಕು ಬರೆಸೋದು ನಿಲ್ಲಲಿ. ತಾಕಿಗೆ ಇಷ್ಟು ಅನ್ನೋ ಬದಲು ದಿನದ ಕೂಲಿ ಸರಿಯಾಗಿ ಕೊಡಲಿ. ಓಡಿಸಿದರೆ ಎತ್ತೂ ಸಾಲು ತಪ್ಪುತ್ತೆ.

ಯಂತ್ರದಲ್ಲಿ ಏನೇ ಬರೆದರೂ ನಿಂತ ಜಾಗದಲ್ಲೇ ನಮ್ಮ ಕೈಗೆ ಒಂದು ಚೀಟಿ ಬರಲಿ. ಕಂಡಕ್ಟರ ಕೊಡೋದಿಲ್ಲವೆ? ಮೀಟರಿನವನು ಕೊಡೋದಿಲ್ಲವೆ? ಹೊಲ ನೋಡಲು ಬಂದವನೂ ಕೊಡಲಿ. ಸರ್ವೆ ನಂಬರು, ಬೆಳೆ, ತಾರೀಖು, ಬರೆದವನ ಹೆಸರು ಇದ್ದರೆ ಸಾಕು. ಅಂಥದೊಂದು ಚೀಟಿ ಇದ್ದಿದ್ದರೆ ನನ್ನ ಹೊಲ 'ಬೀಳು' ಆದದ್ದು ಕಟಾವಿಗೆ ಮುಂಚೆಯೇ ತಿಳಿಯುತ್ತಿತ್ತು.

ಬೀಗ ತೆಗೆದು ತಿದ್ದುವ ಅಧಿಕಾರ ತಾಲ್ಲೂಕಿನಲ್ಲಿ ಒಬ್ಬರಿಗಾದರೂ ಇರಲಿ. ಹೊಲಕ್ಕೆ ಬಂದು, ಕಣ್ಣಾರೆ ನೋಡಿ, ರೈತನ ಎದುರಿಗೇ ತಿದ್ದಲಿ. ಯಾರು, ಯಾವಾಗ, ಏನನ್ನ ತಿದ್ದಿದರು ಅನ್ನೋದು ಅಳಿಸಲಾಗದಂತೆ ಯಂತ್ರದಲ್ಲೇ ಉಳಿಯಲಿ. ಅದನ್ನ ಮಾಡೋದು ಯಂತ್ರಕ್ಕೆ ಏನೂ ಕಷ್ಟ ಅಲ್ಲ ಅಂತ ತಮ್ಮನ ಮಗ ಹೇಳ್ತಾನೆ. ಬೀಗ ಕೆಳಗಿನವನಿಗೆ ಇದ್ದಂತೆ ಮೇಲಿನವನ ಕೈಗೂ ಲೆಕ್ಕ ಇರಲಿ.

ನಕ್ಷೆ ತಪ್ಪಾಗಿದ್ದರೆ, ಬೆರಳು ಹಿಡಿಯದಿದ್ದರೆ, ಸಿಗ್ನಲ್ ಇಲ್ಲದಿದ್ದರೆ ಯಂತ್ರದಲ್ಲೇ 'ರೈತನ ತಕರಾರು ಇದೆ' ಅಂತ ಗುರುತು ಹಾಕಲು ಒಂದು ಗುಂಡಿ ಇರಲಿ. ಆ ಗುಂಡಿಗೆ ಮಾತ್ರ ಯಾರೂ ಬೀಗ ಹಾಕಬಾರದು.

ನಾವು ಮಾಡಬೇಕಾದದ್ದೂ ಇದೆ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಲು ಆಪ್ ಕೊಟ್ಟಿದ್ದಾರೆ. ಬರೆದದ್ದನ್ನ ನೋಡಿ ತಕರಾರು ಹೇಳಲು 'ಬೆಳೆ ದರ್ಶಕ್' ಅನ್ನೋದೂ ಇದೆ. ನನ್ನ ಹತ್ತಿರ ಇರೋದು ಗುಂಡಿ ಫೋನು, ಆದರೆ ಮಗಳ ಫೋನಿನಲ್ಲಿ ಬರುತ್ತೆ. ಬಿತ್ತಿದ ಮೇಲೆ ಒಂದು ಸಲ, ಕಳೆ ತೆಗೆಯುವಾಗ ಇನ್ನೊಂದು ಸಲ ನೋಡಿಸಿಕೊಳ್ಳಿ. ಹೊಲ ನೋಡಲು ಯಾರಾದರೂ ಬರುತ್ತಾರೆ ಅಂದರೆ ಆ ದಿನ ಸಂತೆಗೆ ಹೋಗಬೇಡಿ, ಜೊತೆಗೆ ನಿಂತುಕೊಳ್ಳಿ. ಏನು ಬರೆದೆ ಅಂತ ಕೇಳಿ. ಅವನ ಮೇಲೆ ಸಿಟ್ಟು ಮಾಡಬೇಡಿ, ಒಂದು ಲೋಟ ಮಜ್ಜಿಗೆ ಕೊಡಿ. ಅವನೂ ನಮ್ಮಂಥ ಮನೆಯ ಹುಡುಗನೇ.

ಈ ವರ್ಷ ನನ್ನ ಹೊಲ ನಕ್ಷೆಯಲ್ಲಿ ಸರಿಯಾಗಿದೆ. ಬೇವಿನ ಮರ ಈಗ ಬದುವಿನ ಮೇಲೇ ಇದೆ. ಆದರೆ ಯಾರು ಸರಿ ಮಾಡಿದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನನ್ನ ಕೇಳದೆ ಸರಿ ಮಾಡಿದವರು, ನನ್ನನ್ನ ಕೇಳದೆ ಮತ್ತೆ ಕೆಡಿಸಲೂಬಹುದು. ಅದೇ ಹೆದರಿಕೆ.

ನಿಮ್ಮೂರಲ್ಲಿ ಇಂಥ ಯಂತ್ರಗಳಿಂದ ಏನು ಅನುಕೂಲ ಆಯಿತು, ಏನು ತೊಂದರೆ ಆಯಿತು, ತಿದ್ದಿಸಿಕೊಂಡಿದ್ದರೆ ಹೇಗೆ ತಿದ್ದಿಸಿದಿರಿ ಅಂತ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಒಬ್ಬರಿಗೆ ಸಿಕ್ಕ ದಾರಿ ಹತ್ತು ಜನಕ್ಕೆ ಆಗುತ್ತೆ.